ಖಾಲಿ ಫೈಲು ಎಸೆಯಬೇಡಿ

"ದೇವರ ಮುಂದೆ ದೀಪ ಹಚ್ಚಿಟ್ಕೊಂಡು 'ಹಲೋ ಹಲೋ, ಒನ್ ಟೂ ತ್ರೀ' ಅನ್ಲೇನೇ?"

ನಮ್ಮ ದೊಡ್ಡಮ್ಮ ಹೀಗೆ ಕೇಳಿದರು. ನಿಮ್ಮ ಹತ್ತಿರ ಉತ್ತರ ಇದ್ದರೆ ದಯವಿಟ್ಟು ಹೇಳಿ.

ಒಂದು ಮೈಕು ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಬೇಕಾದರೆ ಜನ ಏನು ಮಾಡುತ್ತಾರೆ? ಹಲೋ ಅನ್ನುತ್ತಾರೆ. ಉಫ್ ಅಂತ ಊದುತ್ತಾರೆ. ಬೆರಳಲ್ಲಿ ಟಕಟಕ ಕುಟ್ಟುತ್ತಾರೆ. ಅರ್ಧ ನಿಮಿಷದ ಕೆಲಸ. ನಮ್ಮ ದೊಡ್ಡಮ್ಮನ ಮೈಕಿಗೆ ಮಾತ್ರ ಆ ಭಾಗ್ಯ ಇರಲಿಲ್ಲ. ಅದನ್ನು ಪರೀಕ್ಷೆ ಮಾಡಬೇಕಾದರೆ ಒಂದು ಇಡೀ ಹಾಡು ಆಗಬೇಕು. ಪಲ್ಲವಿಯಿಂದ ಹಿಡಿದು ಕೊನೆಯ ನುಡಿಯ ಅಂಕಿತದವರೆಗೆ, ಒಂದು ಚರಣವನ್ನೂ ಬಿಡದ ಹಾಗೆ. "ದೇವರ ಹಾಡನ್ನ ಅರ್ಧಕ್ಕೆ ನಿಲ್ಸೋದು ಅಂದ್ರೆ, ಊಟಕ್ಕೆ ಕೂತವರನ್ನ ಸಾರಿಗೇ ಎಬ್ಬಿಸಿದ ಹಾಗೆ" ಎನ್ನುವುದು ಅವರ ವಾದ.

ಹೋಗಲಿ, ಒಂದು ಹಾಡು ತಾನೇ ಎಂದುಕೊಂಡಿರಾ? ಹಾಡು ಮುಗಿದ ಮೇಲೆ ಮಂಗಳ ಹಾಡಬೇಕು. ಮಂಗಳ ಹಾಡಿದ ಮೇಲೆ ಆ ದಿನ ಮತ್ತೆ ಹಾಡುವ ಹಾಗಿಲ್ಲ. ಅಂದರೆ, ಮೈಕು ರಿಪೇರಿಗೆ ದಿನಕ್ಕೆ ಒಂದೇ ಅವಕಾಶ. ರಾಕೆಟ್ ಹಾರಿಸುವವರಿಗೂ ಇದಕ್ಕಿಂತ ಜಾಸ್ತಿ ಚಾನ್ಸ್ ಇರುತ್ತದೇನೋ.

ಈ ರಗಳೆ ಯಾಕೆ ಶುರುವಾಯಿತು ಅಂತ ಹೇಳಿಬಿಡುತ್ತೇನೆ.

ದೊಡ್ಡಮ್ಮ ಎಂದರೆ ನಮ್ಮಮ್ಮನ ಅಕ್ಕ. ಮದುವೆಯಾಗಿ ಚಾಮರಾಜಪೇಟೆಗೆ ಬಂದವರು ಇವತ್ತಿಗೂ ಅದೇ ಮನೆಯಲ್ಲಿದ್ದಾರೆ. ಆ ಬೀದಿಯಲ್ಲಿ ಯಾರ ಮನೆಯ ಮದುವೆ, ಸೀಮಂತ, ನಾಮಕರಣವಾದರೂ ಆರತಿ ತಟ್ಟೆ ಕೈಗೆ ಬಂದ ಕೂಡಲೇ ಎಲ್ಲರ ಮುಖ ದೊಡ್ಡಮ್ಮನ ಕಡೆ ತಿರುಗುತ್ತದೆ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಉರುಟಣೆ ಹಾಡು, ಬೀಗರನ್ನು ಮೂಗು ಹಿಡಿದು ಗೇಲಿ ಮಾಡುವ ಹಾಡು, ಎಲ್ಲ ಬಾಯಲ್ಲೇ. ಬೀಗರ ಹಾಡನ್ನಂತೂ ಅಲ್ಲೇ ನಿಂತಲ್ಲೇ ಕಟ್ಟಿಬಿಡುತ್ತಾರೆ. ಅವರ ಬಾಯಿಗೆ ಹೆದರಿ ಎಷ್ಟೋ ಗಂಡಿನ ಕಡೆಯವರು ಹೋಳಿಗೆಗೆ ತುಪ್ಪ ಸಾಲದು ಎಂದು ಹೇಳುವುದನ್ನೇ ಬಿಟ್ಟಿದ್ದಾರೆ.

ಅಂಥ ಗಂಟಲಿನಲ್ಲಿ ಈ ವರ್ಷ ಥೈರಾಯ್ಡ್ ಗಂಟು ಕಾಣಿಸಿತು.

"ಆಪರೇಷನ್ ಮಾಡ್ಲೇಬೇಕಮ್ಮಾ, ಭಯ ಏನಿಲ್ಲ," ಎಂದರು ಡಾಕ್ಟರು. "ಧ್ವನಿ ಮಾತ್ರ ಸ್ವಲ್ಪ ಬದಲಾಗ್ಬಹುದು. ಆಗದೇನೂ ಇರ್ಬಹುದು."

ದೊಡ್ಡಮ್ಮ ತಲೆಯಾಡಿಸಿದರು. ಆಸ್ಪತ್ರೆಯಿಂದ ಆಟೋದಲ್ಲಿ ವಾಪಸ್ ಬರುವಾಗ ನನಗೆ ಹೊಳೆಯಿತು. ಇಷ್ಟು ವರ್ಷದಲ್ಲಿ ಅವರ ಧ್ವನಿಯನ್ನು ನಾವು ಯಾರೂ ಎಲ್ಲೂ ಹಿಡಿದಿಟ್ಟಿಲ್ಲ. ಮದುವೆ ವಿಡಿಯೋಗಳಲ್ಲಿ ಇರಬೇಕಲ್ಲ ಎಂದು ಹುಡುಕಿದೆ. ವಿಡಿಯೋದವರು ದೊಡ್ಡಮ್ಮ ಹಾಡುವ ಕಡೆಯೆಲ್ಲ ಸಿನಿಮಾ ಹಾಡು ತುಂಬಿಸಿದ್ದರು! ಪರದೆಯ ಮೇಲೆ ದೊಡ್ಡಮ್ಮ ಕಣ್ಣು ಮುಚ್ಚಿ ಭಕ್ತಿಯಿಂದ ಬಾಯಾಡಿಸುತ್ತಿದ್ದಾರೆ, ಬರುತ್ತಿರುವುದು ಡಿಸ್ಕೋ.

ಆಪರೇಷನ್‌ಗೆ ಇನ್ನೊಂದು ವಾರವಿತ್ತು. ಅಷ್ಟರೊಳಗೆ ರೆಕಾರ್ಡ್ ಮಾಡಿಬಿಡಬೇಕು ಎಂದು ಎಸ್.ಪಿ. ರಸ್ತೆಗೆ ಹೋಗಿ ಒಂದು ಯು.ಎಸ್.ಬಿ. ಮೈಕು ತಂದೆ. ಪುಟ್ಟ ಮುಕ್ಕಾಲಿ, ಅದರ ಮೇಲೆ ಬದನೆಕಾಯಿ ಗಾತ್ರದ ಮೈಕು, ಹಿಂದೆ ಒಂದು ಬಾಲ. "ಬಾಲ ಚುಚ್ಚಿ, ಹಾಡಿ, ಅಷ್ಟೇ ಮೇಡಂ," ಎಂದಿದ್ದ ಅಂಗಡಿಯವನು. ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಇರುವ ಒಂದು ಸಿ.ಡಿ.ಯನ್ನೂ ಕೈಗಿಟ್ಟ.

ಕಂಪ್ಯೂಟರ್ ಇರುವುದು ದೊಡ್ಡಪ್ಪನದು. ಇಲ್ಲಿ ದೊಡ್ಡಪ್ಪನ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ದೊಡ್ಡಪ್ಪ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ರಿಟೈರ್ ಆದವರು. ಯಾವುದನ್ನೂ ಎಸೆಯುವುದಿಲ್ಲ. ರಬ್ಬರ್ ಬ್ಯಾಂಡು, ಹಾಲಿನ ಕವರು, ಮದುವೆ ಪತ್ರಿಕೆಯ ಹಿಂಬದಿ, ಎಲ್ಲದಕ್ಕೂ ಮುಂದೆ ಒಂದು ಕಾಲ ಬರುತ್ತದೆ ಎಂದು ನಂಬಿದವರು. ಅವರ ಅಟ್ಟದ ತುಂಬ ಖಾಲಿ ಬಾಟಲಿಗಳು, ಖಾಲಿ ಡಬ್ಬಗಳು. ಡಬ್ಬ ಎಸೆಯಿರಿ ಎಂದರೆ, "ಯಾಕೆ? ಖಾಲಿ ಇದೆ ತಾನೆ? ತೂತಾಗಿಲ್ವಲ್ಲ?" ಎನ್ನುತ್ತಾರೆ.

ಎರಡನೆಯದು ಅವರ ಕಿವಿ. ಕಿವಿ ಏನೋ ಚೆನ್ನಾಗಿಯೇ ಇದೆ. ಎದುರು ಮನೆಯ ಟಿ.ವಿ.ಯಲ್ಲಿ ವಿಕೆಟ್ ಬಿದ್ದರೆ ಇಲ್ಲಿ ವರಾಂಡದಲ್ಲಿ ಕೂತು "ಛೆ" ಎನ್ನುತ್ತಾರೆ. ಆದರೆ ದೊಡ್ಡಮ್ಮ ಒಳಗಿನಿಂದ "ರೀ" ಎಂದರೆ ಕೇಳಿಸುವುದಿಲ್ಲ. ಮತ್ತೆ "ರೀ" ಎಂದರೂ ಕೇಳಿಸುವುದಿಲ್ಲ. ಆಮೇಲೆ ದೊಡ್ಡಮ್ಮನೇ ಎದ್ದು ಹೋಗಿ ಆ ಕೆಲಸ ಮಾಡಿ ಮುಗಿಸಿದ ಮೇಲೆ, ಪೇಪರ್‌ನಿಂದ ತಲೆ ಎತ್ತದೆ "ಹಾಂ? ಕರೆದ್ಯಾ?" ಎನ್ನುತ್ತಾರೆ. (ಇದು ಅವರೊಬ್ಬರ ಕಾಯಿಲೆಯಲ್ಲ, ನಿಮ್ಮ ಮನೆಯಲ್ಲೂ ಇರಬಹುದು ಎಂದು ನಾನು ಬಾಯಿಬಿಟ್ಟು ಹೇಳುವುದಿಲ್ಲ.)

ಮೊದಲ ದಿನ. ದೊಡ್ಡಮ್ಮ ತಲೆಗೆ ನೀರು ಹಾಕಿಕೊಂಡು, ಜರಿ ಅಂಚಿನ ಸೀರೆ ಉಟ್ಟು ಬಂದರು. ಹಾಡುವುದು ದೇವರ ಮುಂದೆಯೇ ಆಗಬೇಕು. ಕಂಪ್ಯೂಟರ್ ನಡುಮನೆಯಲ್ಲಿದೆ, ಮೈಕಿನ ಬಾಲ ಮೋಟು, ದೇವರ ಮನೆಯವರೆಗೆ ಬರುವುದಿಲ್ಲ. ಕಂಪ್ಯೂಟರನ್ನೇ ದೇವರ ಮನೆಗೆ ಎತ್ತಿಡೋಣ ಎಂದೆ. "ಅಲ್ಲಾಡಿಸಿದ್ರೆ ಮದರ್‌ಬೋರ್ಡ್ ಹೋಗುತ್ತೆ," ಎಂದರು ದೊಡ್ಡಪ್ಪ.

ಆದ್ದರಿಂದ ದೇವರೇ ಬಂದರು.

ಮೌಸಿನ ಪಕ್ಕದಲ್ಲಿ ಬೆಣ್ಣೆ ಕೃಷ್ಣ. ಸ್ಪೀಕರಿನ ಮುಂದೆ ದೀಪ. ಕೀಬೋರ್ಡ್ ಇಡುವ ಹಲಗೆಯ ಮೇಲೆ, ಪುಟ್ಟ ಬೆಳ್ಳಿ ಬಟ್ಟಲಲ್ಲಿ ನೈವೇದ್ಯಕ್ಕೆ ಸಕ್ಕರೆ. (ಈ ಸಕ್ಕರೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.)

"ಸರಿ ದೊಡ್ಡಮ್ಮ, ಹಾಡಿ."

"ಅಯ್ಯೋ, ನನಗೆಲ್ಲೇ ಬರುತ್ತೆ ಹಾಡು!"

ಮರೆತಿದ್ದೆ. ಕೇಳಿದ ಕೂಡಲೇ ಹಾಡುವುದು ಮರ್ಯಾದೆಯಲ್ಲ. ಮೂರು ಸಲ ಕೇಳಿಕೊಳ್ಳಬೇಕು. "ಗಂಟಲು ಕಟ್ಟಿದೆ" ಅನ್ನಿಸಿಕೊಳ್ಳಬೇಕು. "ನೀನೇ ಒಂದು ಹಾಡಮ್ಮಾ" ಅನ್ನಿಸಿಕೊಳ್ಳಬೇಕು. ನಾನು ರೆಕಾರ್ಡ್ ಬಟನ್ ಒತ್ತಿ ಉಪಚಾರ ಶುರು ಮಾಡಿದೆ. ಕೊನೆಗೆ ಕೃಷ್ಣನ ಮುಖ ನೋಡಿ ಹಾಡಿದರು.

ಹಾಡಿದರು ಅಂದರೆ ಏನು ಹೇಳಲಿ? ಕಂಪ್ಯೂಟರ್ ಪರದೆಯ ಮೇಲೆ ಹಸಿರು ಗೆರೆಯೊಂದು ಅವರ ಧ್ವನಿಗೆ ತಕ್ಕ ಹಾಗೆ ಏಳುತ್ತಿತ್ತು, ಬೀಳುತ್ತಿತ್ತು. ನಾನು ಅದನ್ನೇ ನೋಡುತ್ತ ಕೂತಿದ್ದೆ. ಮಂಗಳವೂ ಆಯಿತು. ಸ್ಟಾಪ್ ಒತ್ತಿದೆ. ಪ್ಲೇ ಒತ್ತಿದೆ.

ಸದ್ದಿಲ್ಲ.

ಗೆರೆ ಕುಣಿಯುತ್ತಿದೆ. ಸದ್ದಿಲ್ಲ. ಸ್ಪೀಕರಿನ ಗುಂಡಿಯನ್ನು ಪೂರ್ತಿ ತಿರುಗಿಸಿದೆ. ಸದ್ದಿಲ್ಲ. ದೊಡ್ಡಮ್ಮ ಪರದೆಯನ್ನು ಬಗ್ಗಿ ನೋಡಿ, "ಇದು ಇ.ಸಿ.ಜಿ. ಥರ ಇದೆಯಲ್ಲೇ. ಜೀವ ಇದೆ, ಮಾತಿಲ್ಲ," ಎಂದರು.

"ಇನ್ನೊಂದ್ಸಲ ಒಂದೇ ಒಂದು ಸಾಲು ಹೇಳಿ ದೊಡ್ಡಮ್ಮ, ಟೆಸ್ಟಿಂಗ್‌ಗೆ."

"ಮಂಗಳ ಆಯ್ತಲ್ಲ. ಇನ್ನು ನಾಳೆ."

"ಹೋಗ್ಲಿ, ಹಲೋ ಅನ್ನಿ ಸಾಕು."

ಆಗಲೇ ಅವರು ಈ ಬರಹದ ಮೊದಲ ಸಾಲಿನ ಪ್ರಶ್ನೆಯನ್ನು ಕೇಳಿದ್ದು.

ದೋಷ ಎಲ್ಲಿದೆ ಎಂದು ಹುಡುಕುವ ಹೊಣೆ ದೊಡ್ಡಪ್ಪನ ಪಾಲಿಗೆ ಬಂತು. ಅವರದು ಕಚೇರಿಯ ಕ್ರಮ. ಮೊದಲು ಸ್ಪೀಕರನ್ನು ಪರೀಕ್ಷಿಸಬೇಕು. ಅದಕ್ಕೂ ಮೊದಲು ಮೈಕನ್ನು ಕೀಳಬೇಕು. "ಎರಡೂ ಒಟ್ಟಿಗೆ ಇದ್ರೆ ಲೋಡ್ ಜಾಸ್ತಿ ಆಗುತ್ತೆ." ಮೈಕ್ ಕಿತ್ತು, ಕಂಪ್ಯೂಟರಿನಲ್ಲಿದ್ದ ಒಂದು ಭಜನೆ ಹಾಕಿದರು. ಸ್ಪೀಕರ್ ಗಣಗಣ ಅಂತ ಹಾಡಿತು. ಮೈಕ್ ಮತ್ತೆ ಚುಚ್ಚಿ ದೊಡ್ಡಮ್ಮನ ಹಾಡು ಹಾಕಿದರೆ, ಮೌನ. "ಸ್ಪೀಕರ್ ಸರಿಯಿದೆ. ಮೈಕೇ ಕೆಟ್ಟಿದೆ," ಎಂದು ತೀರ್ಪು ಕೊಟ್ಟರು. ತಪ್ಪು ಹುಡುಕಲು ನನಗೂ ಏನೂ ಸಿಗಲಿಲ್ಲ. ನಿಮಗೆ ಸಿಕ್ಕಿತೇ? ಸಿಕ್ಕಿದ್ದರೆ ನೀವು ಅವತ್ತು ಎಲ್ಲಿದ್ದಿರಿ?

ಅಂಗಡಿಗೆ ಫೋನ್ ಮಾಡಿದೆ.

"ಡ್ರೈವರ್ ಪ್ರಾಬ್ಲಮ್ ಮೇಡಂ. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿ."

ತೆಗೆದು ಹಾಕಿದೆ. ಎರಡನೇ ದಿನ ಮತ್ತೆ ದೀಪ, ಮತ್ತೆ ಸಕ್ಕರೆ, ಮತ್ತೆ ಉಪಚಾರ, ಮತ್ತೆ ಇಡೀ ಹಾಡು. ಮತ್ತೆ ಮೌನ. ಮತ್ತೆ ಮಂಗಳ ಆಗಿಹೋಗಿತ್ತು.

"ಬೇರೆ ಪೋರ್ಟ್‌ಗೆ ಹಾಕಿ ನೋಡಿ ಮೇಡಂ," ಎಂದ ಅಂಗಡಿಯವನು.

ದೊಡ್ಡಮ್ಮ ಹಲೋ ಅನ್ನುವುದಿಲ್ಲ ಎಂದ ಮೇಲೆ ಟೆಸ್ಟಿಂಗ್‌ಗೆ ಮತ್ತೊಂದು ಧ್ವನಿ ಬೇಕಲ್ಲ? ನಾನು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ಮುಂದೆ ಬಂದರು. ಮೈಕಿನ ಮುಂದೆ ಕೂತು ಗಂಟಲು ಸರಿಮಾಡಿಕೊಂಡರು. ಹಲೋ ಅನ್ನುತ್ತಾರೆ ಎಂದುಕೊಂಡಿದ್ದೆ. "ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ನನ್ನ ನೆಚ್ಚಿನ ಸಹೋದ್ಯೋಗಿಗಳೇ..." ಎಂದು ಶುರು ಮಾಡಿಬಿಟ್ಟರು! ಅವರ ಬೀಳ್ಕೊಡುಗೆ ಸಮಾರಂಭದಲ್ಲಿ ಮುಖ್ಯ ಅತಿಥಿಗಳೇ ಊಟದ ಹೊತ್ತಿನವರೆಗೆ ಮಾತಾಡಿ, ಇವರ ಸರದಿ ಬರುವಾಗ ಎಲ್ಲರೂ ಎಲೆಯ ಮುಂದೆ ಕೂತಿದ್ದರಂತೆ. ಆವತ್ತು ಉಳಿದುಹೋದ ಭಾಷಣವನ್ನು ದೊಡ್ಡಪ್ಪ ಇವತ್ತು, ಕೆಟ್ಟ ಮೈಕಿನ ಮುಂದೆ, ವಂದನಾರ್ಪಣೆಯ ಸಮೇತ ಮುಗಿಸಿದರು. ಪ್ಲೇ ಒತ್ತಿದರೆ ಅದೂ ಮೌನ. ಅವರಿಗೆ ಬೇಸರವಾದಂತೆ ಕಾಣಲಿಲ್ಲ.

ನಾನು ಆ ಖಾಲಿ ಫೈಲುಗಳನ್ನು ಡಿಲೀಟ್ ಮಾಡಲು ಹೊರಟೆ.

"ಏನ್ ಮಾಡ್ತಿದೀಯ?" ದೊಡ್ಡಪ್ಪ ಗಾಬರಿಯಿಂದ ಕೈ ಅಡ್ಡ ತಂದರು.

"ಖಾಲಿ ಫೈಲುಗಳು ದೊಡ್ಡಪ್ಪ. ತೆಗೆದುಬಿಡ್ತಿದೀನಿ."

"ಯಾಕೆ? ಒಳಗೇನೂ ಇಲ್ಲ ಅಂದ್ರೆ ಮುಂದೆ ಏನಾದ್ರೂ ತುಂಬಿಸ್ಬಹುದಲ್ಲ?"

"ಫೈಲು ಡಬ್ಬ ಅಲ್ಲ ದೊಡ್ಡಪ್ಪ."

"ಕ್ಯಾಸೆಟ್ ಖಾಲಿ ಇದ್ರೆ ಎಸೀತಿದ್ವಾ?"

ಇದಕ್ಕೆ ಏನು ಹೇಳುತ್ತೀರಿ? ಅವರು ತಮ್ಮ ಕಂಪ್ಯೂಟರಿನಲ್ಲಿ 'ಖಾಲಿ' ಎಂಬ ಹೆಸರಿನ ಒಂದು ಫೋಲ್ಡರ್ ಮಾಡಿದರು. ಅದರೊಳಗೆ ಖಾಲಿ ಒಂದು, ಖಾಲಿ ಎರಡು ಎಂದು ಜೋಡಿಸಿದರು. "ಅಲ್ಲ ದೊಡ್ಡಪ್ಪ, ಖಾಲಿ ಫೈಲು ಇಷ್ಟೊಂದು ಜಾಗ ಯಾಕೆ ತಿನ್ನುತ್ತೆ?" ಎಂದು ನಾನು ಕೇಳಿದ್ದೆ. ನೆನಪಿದೆ. ಅವರು, "ದೊಡ್ಡ ಡಬ್ಬ. ಜಾಸ್ತಿ ಹಿಡಿಸುತ್ತೆ," ಎಂದರು. ನಾನು ನಕ್ಕು ಸುಮ್ಮನಾದೆ. ಪತ್ರಿಕೆಯಲ್ಲಿ ವಾರವಾರ ಊರಿಗೆಲ್ಲ ಬುದ್ಧಿ ಹೇಳುವವಳು ನಾನು!

ಇಷ್ಟರಲ್ಲಿ ಸಕ್ಕರೆ ತನ್ನ ಕೆಲಸ ಶುರು ಮಾಡಿತ್ತು. ಮೇಜಿನ ಮೇಲೆ ಇರುವೆ ಸಾಲು. ಬಟ್ಟಲಿನಿಂದ ಕೀಬೋರ್ಡಿಗೆ, ಕೀಬೋರ್ಡಿನಿಂದ ಮೈಕಿಗೆ. ಮೈಕಿನ ಬುಡದಲ್ಲಿ ಒಂದು ಪುಟ್ಟ ತೂತಿತ್ತು. ಅದು ಯಾಕಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಒಂದೆರಡು ಇರುವೆಗಳು ಅದರೊಳಗೆ ಇಣುಕಿ ನೋಡುತ್ತಿದ್ದವು. ದೊಡ್ಡಪ್ಪ ದೇವರ ಮನೆಯಿಂದ ಹತ್ತಿ ತಂದು, ಬತ್ತಿಯ ಹಾಗೆ ಹೊಸೆದು, ಆ ತೂತಿಗೆ ಬಿಗಿಯಾಗಿ ತುರುಕಿದರು. "ಮುಂಜಾಗ್ರತೆ," ಎಂದರು.

ಮೂರನೇ ದಿನ ಮೈಕ್ ಮಂಜಣ್ಣ ಬಂದ. ಬೀದಿಯ ಕೊನೆಯಲ್ಲಿ ಅವನ ಮೈಕ್ ಸೆಟ್ ಅಂಗಡಿ. ಗಣೇಶನಿಗೂ ರಾಜ್ಯೋತ್ಸವಕ್ಕೂ ಹಾರನ್ ಕಟ್ಟುವವನು ಅವನೇ. ನಮ್ಮ ಬದನೆಕಾಯಿ ಮೈಕನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, ಸಣ್ಣ ಮಗುವನ್ನು ಕಂಡವನಂತೆ ನಕ್ಕ.

"ಅರ್ತಿಂಗ್ ಇಲ್ಲ ಸಾರ್ ಇದಕ್ಕೆ. ಅರ್ತಿಂಗ್ ಇಲ್ದೆ ಯಾವ್ ಮೈಕ್ ಮಾತಾಡ್ತದೆ ಹೇಳಿ?"

ಜೇಬಿನಿಂದ ಒಂದು ವೈರ್ ತೆಗೆದು ಒಂದು ತುದಿಯನ್ನು ಕಂಪ್ಯೂಟರ್ ಡಬ್ಬಿಯ ಸ್ಕ್ರೂಗೆ ಸುತ್ತಿದ. ಇನ್ನೊಂದು ತುದಿ ಹಿಡಿದು ಒದ್ದೆ ಮಣ್ಣು ಹುಡುಕುತ್ತ ಹಿತ್ತಲಿಗೆ ನಡೆದ.

"ತುಳಸಿಗೆ ಕರೆಂಟ್ ಕೊಡ್ತೀಯೇನೋ!" ದೊಡ್ಡಮ್ಮ ಚೀರಿದ ಚೀರಿಗೆ ಹಸಿರು ಗೆರೆ ಪರದೆಯ ಆಚೆ ಹೋಗಿಬಂತು.

ರಾಜಿ ಪಂಚಾಯಿತಿಯಾಗಿ ವೈರು ದಾಸವಾಳದ ಕುಂಡಕ್ಕೆ ಹೋಯಿತು. ಕುಂಡಕ್ಕೆ ಒಂದು ಚೊಂಬು ನೀರು ಬಿತ್ತು. ಮಂಜಣ್ಣ ಮೈಕಿನ ಮುಂದೆ ನಿಂತು, ತನ್ನ ಹಬ್ಬದ ಧ್ವನಿಯಲ್ಲಿ, "ಚಾಮರಾಜಪೇಟೆಯ ಸಮಸ್ತ ನಾಗರಿಕ ಬಂಧುಗಳ ಗಮನಕ್ಕೆ!" ಎಂದ. ಅಕ್ಕಪಕ್ಕದ ಮೂರು ಮನೆಯವರು ಗೇಟಿಗೆ ಬಂದು ನಿಂತರು. ಪ್ಲೇ ಒತ್ತಿದರೆ ಕಂಪ್ಯೂಟರ್ ಮಾತ್ರ ಬಾಯಿ ಬಿಡಲಿಲ್ಲ.

"ಪೀಸೇ ಸರಿಯಿಲ್ಲ," ಎಂದು ಕಾಫಿ ಕುಡಿದು ಹೋದ. ದಾಸವಾಳ ಆ ವಾರ ಜಾಸ್ತಿ ಹೂ ಬಿಟ್ಟಿತೆಂದು ದೊಡ್ಡಪ್ಪ ಹೇಳುತ್ತಾರೆ. ನಾನು ನೋಡಿಲ್ಲ.

ಹೀಗೆ ದಿನಗಳು ಕಳೆದುಹೋದವು. ದೊಡ್ಡಮ್ಮ ದಿನಕ್ಕೊಂದು ಹಾಡು ಹಾಡಿದರು. ನಾವು ದಿನಕ್ಕೊಂದು ಮೌನ ಕೇಳಿದೆವು. ದೊಡ್ಡಪ್ಪನ ಫೋಲ್ಡರಿನಲ್ಲಿ ಖಾಲಿಗಳು ತುಂಬುತ್ತ ಹೋದವು. ಪೂರ್ತಿ ನಗೆಪಾಟಲಾದರೂ, ನನಗೆ ಒಳಗೊಳಗೇ ಅಳು ಬರುತ್ತಿತ್ತು. ಒಂದೊಂದು ಹಾಡೂ ಗಾಳಿಗೆ ಹೋಗುತ್ತಿದೆಯಲ್ಲ, ಇದೇ ಕೊನೆಯ ಸಲವೇನೋ ಎಂದು ಹೆದರಿಕೆ.

ಆಸ್ಪತ್ರೆಗೆ ಸೇರುವ ಹಿಂದಿನ ದಿನ. ಅವತ್ತಿನ ಹಾಡಿಗೆ ಮುಂಚೆ ಕೊನೆಯ ಪ್ರಯತ್ನವೆಂದು ರೆಕಾರ್ಡ್ ಬಟನ್ ಒತ್ತಿ, "ಹಲೋ" ಅಂದು, ಗೆರೆ ಕುಣಿಯುವುದನ್ನು ನೋಡಿ ಸಿಟ್ಟು ಬಂದು, ಹಾಗೇ ಎದ್ದು ಎಸ್.ಪಿ. ರಸ್ತೆಗೆ ಓಡಿದೆ. ಬೇರೆ ಮೈಕು ಕೊಡಿ ಎಂದು ಕೇಳಿದರೆ, "ಸ್ಟಾಕ್ ಇಲ್ಲ ಮೇಡಂ. ಮುಂದಿನ ವಾರ ಪೀಸ್ ತನ್ನಿ, ಬದಲಾಯಿಸ್ಕೊಡ್ತೀನಿ. ಅಲ್ಲಿವರ್ಗೂ ಡ್ರೈವರ್..." ಪೂರ್ತಿ ಕೇಳಿಸಿಕೊಳ್ಳದೆ ಎದ್ದುಬಂದೆ. ಮನೆಗೆ ಬಂದಾಗ ದೊಡ್ಡಮ್ಮ ಹುರುಳಿಕಾಯಿ ಸೋಸಿ ಮುಗಿಸಿ, ದೇವರನ್ನು ವಾಪಸ್ ದೇವರ ಮನೆಗೆ ಕರೆದುಕೊಂಡು ಹೋಗಿದ್ದರು. "ಸಾಕು ಬಿಡೇ ಪುಟ್ಟಿ. ಹಾಡಿದ್ದು ಅವನಿಗೆ ಕೇಳಿಸಿರುತ್ತೆ," ಎಂದರು. ಓಡುತ್ತಲೇ ಇದ್ದ ರೆಕಾರ್ಡಿಂಗನ್ನು ನಿಲ್ಲಿಸಿದೆ. ದೊಡ್ಡಪ್ಪ ಅದಕ್ಕೂ ಒಂದು ನಂಬರ್ ಕೊಟ್ಟು ಖಾಲಿಗೆ ಸೇರಿಸಿದರು. ಮೈಕನ್ನು ಕಿತ್ತು, ಥರ್ಮೋಕೋಲ್ ಸಮೇತ ಡಬ್ಬದಲ್ಲಿಟ್ಟೆವು.

ಆಪರೇಷನ್ ಚೆನ್ನಾಗಿ ಆಯಿತು. ಗಂಟು ಕೆಟ್ಟದ್ದಲ್ಲ ಎಂದರು. ದೊಡ್ಡಮ್ಮ ಕತ್ತಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದರು. ಒಂದಿಷ್ಟು ದಿನ ಮಾತೇ ಆಡಬಾರದು, ಪಿಸುಮಾತೂ ಕೂಡದು ಎಂದು ಡಾಕ್ಟರ ಕಟ್ಟಪ್ಪಣೆ.

ಮೈಕನ್ನು ಅಂಗಡಿಗೆ ಕೊಡಲು ಒಯ್ಯೋಣ ಎಂದು ಕಳೆದ ವಾರ ನಾನು ಅಲ್ಲಿಗೆ ಹೋದೆ. ದೊಡ್ಡಮ್ಮ ನಡುಮನೆಯ ದಿವಾನದ ಮೇಲೆ ಒರಗಿದ್ದರು. ಮನೆ ವಿಚಿತ್ರವಾಗಿತ್ತು. ಗೋಡೆ ಗಡಿಯಾರ ಟಿಕ್ ಟಿಕ್ ಅನ್ನುವುದು ನನಗೆ ಆ ಮನೆಯಲ್ಲಿ ಕೇಳಿಸಿದ್ದು ಅದೇ ಮೊದಲು. ದೊಡ್ಡಪ್ಪ ಕಂಪ್ಯೂಟರಿನ ಮುಂದೆ ಕೂತಿದ್ದರು.

"ಭಜನೆ ಯಾವುದಾದ್ರೂ ಹಾಕೋಣ ಅಂತ. ಮನೆ ಬಿಕೋ ಅಂತಿದೆ," ಎಂದು ಮೌಸ್ ಆಡಿಸಿದರು. ಕನ್ನಡಕ ಮೇಜಿನ ಮೇಲಿತ್ತು. ಭಜನೆಯ ಫೋಲ್ಡರಿನ ಪಕ್ಕದಲ್ಲೇ ಇತ್ತು ಖಾಲಿ. ಅದರೊಳಗಿನ ಕೊನೆಯ ಫೈಲನ್ನು ತೆರೆದು, ಎಲ್ಲೋ ನಡುಮಧ್ಯೆ ಕ್ಲಿಕ್ಕಿಸಿದರು.

"ರೀ..."

ದೊಡ್ಡಮ್ಮನ ಧ್ವನಿ. ಸ್ಪೀಕರಿನಿಂದ, ಸ್ಪಷ್ಟವಾಗಿ, ಪಕ್ಕದಲ್ಲೇ ನಿಂತು ಕರೆದ ಹಾಗೆ. "ರೀ, ಹಾಲು ಉಕ್ತಾ ಇದೆ, ಒಲೆ ಆರಿಸ್ರೀ. ನನ್ನ ಮಡಿಲ ತುಂಬ ಹುರುಳಿಕಾಯಿ ಇದೆ."

ದೊಡ್ಡಪ್ಪ ಎದ್ದರು. ಕುರ್ಚಿ ಹಿಂದಕ್ಕೆ ಬಿತ್ತು. "ಬಂದೆ, ಬಂದೆ" ಎನ್ನುತ್ತ, ದಿವಾನದ ಮೇಲೆ ಬಾಯಿ ಮುಚ್ಚಿ ಕೂತಿದ್ದ ಹೆಂಡತಿಯನ್ನು ದಾಟಿಕೊಂಡು ಅಡುಗೆಮನೆಗೆ ಓಡಿದರು. ಅಷ್ಟು ವರ್ಷದಲ್ಲಿ ಮೊದಲ ಸಲ, ಒಂದೇ ಕೂಗಿಗೆ! ಅಲ್ಲಿ ಒಲೆ ಹೊತ್ತಿರಲಿಲ್ಲ. ಹಾಲೂ ಇರಲಿಲ್ಲ. ಇಕ್ಕಳ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದು ನಿಂತರು.

ಸ್ಪೀಕರ್ ಇನ್ನೂ ಕರೆಯುತ್ತಲೇ ಇತ್ತು. "ರೀ... ರೀ..." ಆಮೇಲೆ ಎದ್ದು ಹೋದ ಸದ್ದು, ಪಾತ್ರೆ ಇಳಿಸಿದ ಸದ್ದು, ವಾಪಸ್ ಬಂದು ಕೂತ ಸದ್ದು. ದೂರದಲ್ಲಿ ಕಲಾಸಿಪಾಳ್ಯದ ಕಡೆಯ ಬಸ್ಸಿನ ಹಾರನ್ನು. ನಂತರ ಒಂದು ನಿಟ್ಟುಸಿರು.

"ಏನಪ್ಪಾ ಮೈಕಪ್ಪ, ನಿನಗೂ ನನ್ನ ಧ್ವನಿ ಕೇಳಿಸಲ್ವಾ? ಈ ಮನೆಗೆ ಬಂದವರಿಗೆಲ್ಲ ಅದೇ ಕಾಯಿಲೆ. ನಾಳಿದ್ದು ಗಂಟಲು ಕುಯ್ತಾರಂತೆ. ಆಮೇಲೆ ಈ 'ರೀ' ಕೂಡ ಬರುತ್ತೋ ಇಲ್ವೋ. ಬರ್ಲಿಲ್ಲ ಅಂದ್ರೆ ಇವರಿಗೆ ಗೊತ್ತಾಗೋದಾದ್ರೂ ಯಾವಾಗ ಹೇಳು?"

ನಾನು ದೊಡ್ಡಮ್ಮನ ಮುಖ ನೋಡಿದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ನಿಲ್ಲಿಸಲೇ ಎಂದು ಕೈಸನ್ನೆಯಲ್ಲಿ ಕೇಳಿದೆ. ಬೇಡ ಎಂದು ತಲೆಯಾಡಿಸಿದರು. ಅಷ್ಟರಲ್ಲಿ ಸ್ಪೀಕರಿನೊಳಗಿನ ದೊಡ್ಡಮ್ಮ ಹುರುಳಿಕಾಯಿಯ ತೊಟ್ಟು ಮುರಿಯುತ್ತ ಮುರಿಯುತ್ತ, ಮದುವೆಮನೆಯ ಧಾಟಿಯಲ್ಲಿ, ಯಾರೂ ಕೇಳಿಕೊಳ್ಳದೆ, ಯಾವ ಉಪಚಾರವೂ ಇಲ್ಲದೆ, ಹಾಡಲು ಶುರು ಮಾಡಿದರು.

"ಬಂದ ನೋಡಿ ಬೀಗಪ್ಪ, ಬಾಲ ಬಿಟ್ಟು ಕೂತಪ್ಪ,
ಹಾಡು ಬಡಿಸಿ ಸೋತೆನಪ್ಪ, ತೇಗಾದ್ರೂ ತೇಗಪ್ಪ,
ನಮ್ಮನೆಯವರ ತಮ್ಮನೇನೋ, ನೀನೂ ಕಿವುಡಪ್ಪ!"

ದಿವಾನದ ಮೇಲಿನ ದೊಡ್ಡಮ್ಮ ಸದ್ದಿಲ್ಲದೆ ನಗತೊಡಗಿದರು. ಕತ್ತಿನ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ದೊಡ್ಡಪ್ಪ ಇಕ್ಕಳವನ್ನು ಕಂಪ್ಯೂಟರ್ ಮೇಜಿನ ಮೇಲಿಟ್ಟು, ಬಿದ್ದ ಕುರ್ಚಿ ಎತ್ತಿ ಕೂತರು.

"ಇವಳ ಧ್ವನಿ ಇಷ್ಟು ಚೆನ್ನಾಗಿತ್ತೇನೇ?" ಎಂದು ನನ್ನನ್ನು ಕೇಳಿದರು. ಹೆಂಡತಿಯನ್ನಲ್ಲ, ನನ್ನನ್ನು.

ಖಾಲಿ ಒಂದು ತೆರೆದೆವು. ಅದರಲ್ಲಿ ಇಡೀ ಹಾಡು, ಮಂಗಳದ ಸಮೇತ. ಖಾಲಿ ಎರಡರಲ್ಲಿ ಮತ್ತೊಂದು. ಆಮೇಲೆ ಮಾನ್ಯ ಅಧ್ಯಕ್ಷರು, ಚಾಮರಾಜಪೇಟೆಯ ಸಮಸ್ತ ನಾಗರಿಕ ಬಂಧುಗಳು, ತುಳಸಿಗೆ ಕರೆಂಟು. ಎಲ್ಲವೂ ಇತ್ತು, ಒಂದಕ್ಷರ ಹೋಗಿರಲಿಲ್ಲ. ಖಾಲಿ ಎಂದು ಚೀಟಿ ಅಂಟಿಸಿದ ಒಂದು ಡಬ್ಬವೂ ಖಾಲಿಯಾಗಿರಲಿಲ್ಲ.

ಅಂಗಡಿಗೆ ಫೋನ್ ಮಾಡಿ ಕೂಗಾಡಿದೆ. "ಮೈಕ್ ಕಿತ್ತ ಮೇಲೆ ಕೇಳಿಸ್ತಿದೆಯಲ್ರೀ!"

"ಅದೇ ಮೇಡಂ," ಎಂದ ಆತ ತಣ್ಣಗೆ. "ಮೈಕ್ ಬುಡದಲ್ಲಿ ಒಂದು ತೂತಿದೆಯಲ್ಲ, ಹೆಡ್‌ಫೋನ್ ಹಾಕೋಕೆ. ಮೈಕ್ ಚುಚ್ಚಿದ ತಕ್ಷಣ ಕಂಪ್ಯೂಟರ್ ಸೌಂಡನ್ನೆಲ್ಲ ಆ ತೂತಿಗೆ ಕಳ್ಸುತ್ತೆ. ಸ್ಪೀಕರ್‌ಗೆ ಬರಲ್ಲ. ಕಿತ್ರೆ ಮತ್ತೆ ಸ್ಪೀಕರ್‌ಗೆ ಬರುತ್ತೆ."

"ಇದನ್ನ ಮೊದಲೇ ಯಾಕ್ರೀ ಹೇಳ್ಲಿಲ್ಲ?"

"ಅವತ್ತು ಹೇಳೋಕೆ ಬಂದೆ ಮೇಡಂ. ನೀವು ಎದ್ದು ಹೋದ್ರಿ."

ಅಂದರೆ, ದೊಡ್ಡಮ್ಮನ ಧ್ವನಿ ಬರುತ್ತಿದ್ದ ಒಂದೇ ಒಂದು ದಾರಿಗೆ ನಾವು ಹತ್ತಿ ತುರುಕಿ ಕೂತಿದ್ದೆವು. ಅದೂ ದೇವರ ಬತ್ತಿಯ ಹತ್ತಿ. ಚಿಮಟ ತಂದು ಅದನ್ನು ಹೊರಗೆಳೆದಾಗ ಹಿಂದೆಯೇ ಒಂದು ಒಣಗಿದ ಇರುವೆಯೂ ಬಂತು. ಬಿಟ್ಟಿದ್ದರೆ ಅದಕ್ಕಾದರೂ ಹಾಡು ಕೇಳಿಸುತ್ತಿತ್ತು.

ಮೈಕನ್ನು ವಾಪಸ್ ಕೊಡಲಿಲ್ಲ. ದೊಡ್ಡಪ್ಪ ತಮ್ಮ ಹಳೆಯ ಹೆಡ್‌ಫೋನನ್ನು ಅಟ್ಟದಿಂದ ಇಳಿಸಿದರು. (ಎಸೆದಿರಲಿಲ್ಲ, ಹೇಳಬೇಕೇ?) ಅದು ಆ ತೂತಿಗೆ ಸರಿಯಾಗಿ ಕೂತಿತು.

ಮೊನ್ನೆ ಡಾಕ್ಟರು ಮಾತಾಡಬಹುದು ಎಂದರು. ದೊಡ್ಡಮ್ಮನ ಧ್ವನಿ ಈಗ ಸ್ವಲ್ಪ ದಪ್ಪ, ಸ್ವಲ್ಪ ಒರಟು. ಮಾತಿಗೆ ಅಡ್ಡಿಯಿಲ್ಲ. ಹಾಡಿನಲ್ಲಿ ಮೇಲೆ ಹೋಗಬೇಕಾದ ಕಡೆ ಗಂಟಲು ಅರ್ಧ ದಾರಿಯಲ್ಲೇ ಕೂತುಬಿಡುತ್ತದೆ. ಅದು ಮುಂದೆ ಸರಿಹೋಗಬಹುದು, ಹೋಗದೇನೂ ಇರಬಹುದು. ಬೀಗರು ಒಂದಷ್ಟು ಕಾಲ ನೆಮ್ಮದಿಯಾಗಿರಬಹುದು. ನನಗಂತೂ ಸಂಕಟವಾಗುತ್ತದೆ. ಖಾಲಿ ಫೋಲ್ಡರ್ ಇದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ.

ನಿನ್ನೆ ಸಂಜೆ ಅಲ್ಲಿಗೆ ಹೋಗಿದ್ದೆ. ದೊಡ್ಡಪ್ಪ ಕಂಪ್ಯೂಟರಿನ ಮುಂದೆ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಕೂತಿದ್ದರು. ಈಗ ದಿನವೂ ಹೀಗೆಯೇ ಅಂತೆ. ಬೆಳಿಗ್ಗೆ ಒಂದು ಖಾಲಿ, ಸಂಜೆ ಒಂದು ಖಾಲಿ. ಕಣ್ಣಂಚಿನಲ್ಲಿ ನೀರೂ ಇತ್ತು. ನೋಡಿ ನನಗೂ ಮನಸ್ಸು ತುಂಬಿ ಬಂತು.

ಅಡುಗೆಮನೆಯಿಂದ ದೊಡ್ಡಮ್ಮ ತಮ್ಮ ಹೊಸ ಧ್ವನಿಯಲ್ಲಿ ಕೂಗಿದರು. "ರೀ, ಹಾಲು ಉಕ್ತಾ ಇದೆ, ನನ್ನ ಕೈ ಹಿಟ್ಟಾಗಿದೆ."

ತಾಳ ನಿಲ್ಲಲಿಲ್ಲ.

"ರೀ..."

ನಾನು ಚಪ್ಪಲಿ ಬಿಟ್ಟು ಓಡುವಷ್ಟರಲ್ಲಿ ಹಾಲು ಉಕ್ಕಿ, ಒಲೆ ಆರಿ, ಕಟ್ಟೆಯೆಲ್ಲ ಬಿಳಿಯಾಗಿತ್ತು.

ಮೈಕಿನ ವಾರಂಟಿ ಇನ್ನೂ ಮುಗಿದಿಲ್ಲ. ಆದರೆ ಅಂಗಡಿಗೆ ವಾಪಸ್ ಕೊಡಬೇಕಾದದ್ದು ಮೈಕನ್ನೋ, ದೊಡ್ಡಪ್ಪನನ್ನೋ, ನೀವೇ ಹೇಳಿ?